ಕತ್ತಲೆ ಮೇಡಂ ಕೇಳಿಸಿದ ಬೆಳಕು

ಜೀವಕೋಶದೊಳಗೆ ಆಮ್ಲಜನಕ ನಡೆಸುವ ಒಳ್ಳೆಯ ಮತ್ತು ಕೆಟ್ಟ ವ್ಯವಹಾರಗಳ ಬಗ್ಗೆ ಪಾಠ ಹೇಳಿದವರು, ಪುಸ್ತಕ ಬರೆದವರು, ಪದಕ ಪಡೆದವರು ಹಲವರಿದ್ದಾರೆ. ಆ ವ್ಯವಹಾರವನ್ನು ನಮ್ಮಂಥವರ ಕಿವಿಗೆ ಕೇಳಿಸಿದವರು, ನಾನು ಬಲ್ಲಂತೆ, ಒಬ್ಬರೇ. ವಿದ್ಯಾರ್ಥಿಗಳ ಹಲವು ತಲೆಮಾರುಗಳು ಪ್ರೀತಿಯಿಂದಲೂ ಕೊಂಚ ಭಯದಿಂದಲೂ ‘ಕತ್ತಲೆ ಮೇಡಂ’ ಎಂದು ಕರೆಯುತ್ತ ಬಂದ, ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿರುವ ನನ್ನ ಗುರುಗಳು ಅವರು. ಈ ಅಭಿನಂದನ ಗ್ರಂಥದ ಸಂಪಾದಕರು ನನಗೆ ಒಪ್ಪಿಸಿದ ವಿಷಯ ‘ಮೇಡಂ ಅವರ ಸಂಶೋಧನೆಯ ಸಾಮಾಜಿಕ ಉಪಯೋಗ’. ಆ ಉಪಯೋಗ ಸ್ವತಃ ನಾನೇ ಆಗಿರುವುದರಿಂದ, ಮುಂದಿನ ಪುಟಗಳಲ್ಲಿ ನನ್ನ ಮನೆಯ ಕಥೆ ಹೇಳಿಕೊಂಡರೆ ವಿಷಯ ಬಿಟ್ಟು ಹೋದನೆಂದು ಅವರು ದೂರುವ ಹಾಗಿಲ್ಲ.

ಮೇಡಂ ಕೆಲಸಕ್ಕೆ ಸೇರಿದ ಕಾಲದಲ್ಲಿ ಪೆರಾಕ್ಸೈಡು, ಸೂಪರಾಕ್ಸೈಡು ಮೊದಲಾದ ಆಮ್ಲಜನಕದ ಮರಿಗಳಿಗೆ ತೀರ ಕೆಟ್ಟ ಹೆಸರಿತ್ತು. ಮುಪ್ಪು ಬರುವುದು ಅವುಗಳಿಂದ, ಹೃದಯ ಕೆಡುವುದು ಅವುಗಳಿಂದ, ಕ್ಯಾನ್ಸರಿಗೆ ದಾರಿ ಮಾಡುವುದೂ ಅವೇ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಹೇಳಿದ್ದು ಸುಳ್ಳಾಗಿರಲಿಲ್ಲ, ಅರ್ಧ ನಿಜವಾಗಿತ್ತು. ಕೋಶದೊಳಗೆ ಅವು ಮಿತಿ ಮೀರಿದರೆ ಕೊಬ್ಬು ಕಮಟುತ್ತದೆ, ಪ್ರೋಟೀನು ಕೆಡುತ್ತದೆ, ಕೋಶ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಇದಕ್ಕೆ ಉತ್ಕರ್ಷಣದ ಒತ್ತಡ ಎಂದು ಹೆಸರು. ನಮ್ಮ ವಿಭಾಗದಲ್ಲೇ ಇದ್ದ ಒಬ್ಬ ಹಿರಿಯ ಪ್ರಾಧ್ಯಾಪಕರು ಈ ತುಕ್ಕಿಗೆ ಎಷ್ಟು ಹೆದರಿದ್ದರೆಂದರೆ, ಅದನ್ನು ತಡೆಯುವ ಬಣ್ಣಬಣ್ಣದ ಮಾತ್ರೆಗಳನ್ನು ನುಂಗದೆ ತರಗತಿಗೆ ಕಾಲಿಡುತ್ತಿರಲಿಲ್ಲ. ಅವರನ್ನು ಮಾತ್ರೆ ಮೇಷ್ಟ್ರು ಎನ್ನುತ್ತಿದ್ದರು. ಅವರ ಎದುರಿಗೆ, ಆಗಷ್ಟೇ ಸೇರಿದ್ದ ಎಳೆಯ ಉಪನ್ಯಾಸಕಿಯಾಗಿ, ಮೇಡಂ ಆಡಿದ ಮಾತು ವಿಭಾಗದಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ.

“ಸೆರಗಿಗೆ ಬೆಂಕಿ ಹತ್ತಿದ್ರೆ ಸೆರಗು ಬಿಟ್ಟೋರದು ತಪ್ಪು ಸಾರ್, ಒಲೆದಲ್ಲ. ಒಲೆನೇ ಆರಿಸ್ಬಿಟ್ರೆ ಊಟಕ್ಕೇನು ಮಾಡೋಣ?”

ಮುಂದೆ ಮೂರು ದಶಕಗಳ ಕಾಲ ಅವರು ಪ್ರಯೋಗದಿಂದ ಪ್ರಯೋಗಕ್ಕೆ ತೋರಿಸುತ್ತ ಹೋದದ್ದು ಆ ಮಾತಿನ ಸತ್ಯವನ್ನೇ. ಚರ್ಮ ಕತ್ತರಿಸಿದಾಗ ಗಾಯದ ಅಂಚಿನ ಕೋಶಗಳು ಸ್ವಲ್ಪವೇ ಸ್ವಲ್ಪ ಪೆರಾಕ್ಸೈಡನ್ನು ಹೊರಬಿಡುತ್ತವೆ. ಅದು ವಿಷವಲ್ಲ, ಕೂಗು. ಆ ಕೂಗಿಗೆ ಬಿಳಿಯ ರಕ್ತಕಣಗಳು ಓಡಿ ಬರುತ್ತವೆ, ಬಂದು ರೋಗಾಣುವನ್ನು ನುಂಗುತ್ತವೆ, ನುಂಗಿದ್ದನ್ನು ಅದೇ ಬಗೆಯ ಬೆಂಕಿಯಿಂದ ಸುಡುತ್ತವೆ. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ಅದು ಮೊದಲು ಹೊಂದೋದು ಬಿಳಿ ಕಣಕ್ಕೆ” ಎಂದು ಅವರು ತರಗತಿಯಲ್ಲಿ ನಗಿಸುತ್ತಿದ್ದರು. ಮಾತ್ರೆ ಮೇಷ್ಟ್ರು ಮಾತ್ರ ನಗುತ್ತಿರಲಿಲ್ಲವಂತೆ.

ಹೆಸರು ಬಂದದ್ದು ಕೋಣೆಯಿಂದ. ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳನ್ನು ಇಡುತ್ತಿದ್ದ ಕಿಟಕಿಯಿಲ್ಲದ ಒಂದು ಗೂಡನ್ನು ಆಡಳಿತದವರು ಅವರಿಗೆ ಪ್ರಯೋಗಾಲಯವೆಂದು ಕೊಟ್ಟರು. ಬೇರೆಯವರಾಗಿದ್ದರೆ ಅರ್ಜಿಯ ಮೇಲೆ ಅರ್ಜಿ ಗುಜರಾಯಿಸುತ್ತಿದ್ದರು. ಇವರು ಕಪ್ಪು ಬಣ್ಣದ ಡಬ್ಬಿ ತಂದು ಗೋಡೆ, ಚಾವಣಿ, ಮೇಜಿನ ಕಾಲುಗಳಿಗೆಲ್ಲ ತಾವೇ ಬಳಿದರು, ಬಾಗಿಲಿಗೆ ಒಂದರ ಹಿಂದೊಂದು ಎರಡು ದಪ್ಪ ಪರದೆ ಕಟ್ಟಿದರು. ಅವರಿಗೆ ಬೇಕಾಗಿದ್ದದ್ದು ಕತ್ತಲೆಯೇ. ಬಿಳಿಯ ಕಣ ರೋಗಾಣುವನ್ನು ಸುಡುವಾಗ, ಒಂದು ರಾಸಾಯನಿಕವನ್ನು ಬೆರೆಸಿದ್ದರೆ, ಆ ಸುಡುವಿಕೆ ಕಣ್ಣಿಗೆ ನಿಲುಕದಷ್ಟು ಮಂದವಾದ ಬೆಳಕಾಗಿ ಹೊರಬರುತ್ತದೆ. ಅದನ್ನು ಹಿಡಿಯಲು ಮೇಜಿನ ಮೇಲೊಂದು ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಬೆಳಕಿನ ಒಂದೊಂದು ಕಣವನ್ನೂ ಎಣಿಸುವ ನಳಿಕೆ. ನಳಿಕೆಗೆ ಒಂದು ಹಳೆಯ ಸ್ಪೀಕರು. ಬೆಳಕು ಬಿದ್ದಾಗ ಸ್ಪೀಕರು ಟಿಕ್ ಎನ್ನುತ್ತಿತ್ತು.

ಒಳಗೆ ಏನೂ ಇಡದಿದ್ದರೂ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಯಂತ್ರದ ಸ್ವಂತ ಕನವರಿಕೆ ಅದು ಎಂದು ಮೇಡಂ ವಿವರಿಸುತ್ತಿದ್ದರು. ವಿವರಣೆ ಸರಿಯಾದದ್ದೇ, ಆದರೆ ಕತ್ತಲಲ್ಲಿ ಕುಳಿತವರಿಗೆ ಅದರಿಂದ ಧೈರ್ಯ ಬರುತ್ತಿರಲಿಲ್ಲ. ಬೆಳಕು ಕಂಡ ಗಾಜು ಕತ್ತಲೆಗೆ ಬಂದ ಮೇಲೂ ಸ್ವಲ್ಪ ಹೊತ್ತು ತಾನಾಗಿಯೇ ಮಿನುಗುತ್ತದೆ, ಆದ್ದರಿಂದ ರಕ್ತದ ಕೊಳವೆಯನ್ನು ಒಳಗೆ ತಂದು ಬಹಳ ಹೊತ್ತು ಸುಮ್ಮನೆ ಕಾಯಬೇಕು. “ಗಾಜಿಗೆ ಮರೆಯೋಕೆ ಟೈಮ್ ಕೊಡಿ” ಎನ್ನುತ್ತಿದ್ದರು. ಹಾಗೆ ಕಾಯುವಾಗ ಮುಖದ ಮುಂದೆ ಕೈ ಆಡಿಸಿದರೆ ಕೈ ಕಂಡ ಹಾಗಾಗುತ್ತದೆ. ವಾಸ್ತವದಲ್ಲಿ ಅಲ್ಲಿ ಕಾಣಲು ಬೆಳಕೇ ಇರುವುದಿಲ್ಲ. “ನಿನಗೆ ಕಾಣ್ತಿರೋದು ಕೈಯಲ್ಲ, ಕೈ ಇದೆ ಅನ್ನೋ ನಂಬಿಕೆ. ಅದಕ್ಕೇ ಈ ಕೋಣೆಲಿ ಕಣ್ಣಿನ ಸಾಕ್ಷಿ ನಡೆಯಲ್ಲ” ಎಂದು ಅವರ ದನಿ ಎಲ್ಲಿಂದಲೋ ಹೇಳುತ್ತಿತ್ತು. ಹೊಸಬರನ್ನು ಹೆದರಿಸಲು ಹಿರಿಯ ವಿದ್ಯಾರ್ಥಿಗಳು ಇನ್ನೊಂದು ಮಾತನ್ನು ಸೇರಿಸುತ್ತಿದ್ದರು: ದೀಪ ಆರಿದ ಮೇಲೆ ಒಳಗೆ ಎಷ್ಟು ಜನ ಇದ್ದೀರೆಂದು ತಲೆ ಎಣಿಸಬಾರದು, ಎಣಿಸಿದರೆ ಯಾವಾಗಲೂ ಒಂದು ಹೆಚ್ಚಾಗಿ ಬರುತ್ತದೆ.

ನಾನು ಆ ಕೋಣೆಯನ್ನು ಮೊದಲು ಹೊಕ್ಕಾಗ ಇನ್ನೂ ಶಾಲೆಯ ಹುಡುಗ. ಮೈಯಲ್ಲಿ ಎಲ್ಲೆಂದರಲ್ಲಿ ಕೀವು. ಕುತ್ತಿಗೆಯ ಗಂಟು ಒಡೆದು ವಾಸಿಯಾಗುವಷ್ಟರಲ್ಲಿ ಕಂಕುಳಲ್ಲಿ ಇನ್ನೊಂದು, ಅದು ಮಾಗುವಷ್ಟರಲ್ಲಿ ಎದೆಯಲ್ಲಿ ಕಫ. ಅಪ್ಪ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದರು. ಅಮ್ಮ ಹೊಲಿಗೆ ಯಂತ್ರ ತುಳಿದು ಅಕ್ಕನನ್ನೂ ನನ್ನನ್ನೂ ಸಾಕುತ್ತಿದ್ದಳು. ಕಂಡ ವೈದ್ಯರೆಲ್ಲ ಮನೆಯಲ್ಲಿ ಶುಚಿಯಿಲ್ಲ ಎಂದು ಅಮ್ಮನನ್ನೇ ಗದರಿಸಿದರು. ಅವಳು ನನ್ನ ಬಟ್ಟೆಯನ್ನು ಕುದಿಸಿ, ತನ್ನ ಕೈಯನ್ನು ಚರ್ಮ ಸುಲಿಯುವಷ್ಟು ಉಜ್ಜಿ ತೊಳೆದು, ನನ್ನನ್ನು ಮುಟ್ಟಲೇ ಹೆದರುವ ಸ್ಥಿತಿಗೆ ಬಂದಿದ್ದಳು. ಇನ್ನು ಹೆಚ್ಚು ದಿನವಿಲ್ಲ ಎಂಬುದನ್ನು ಒಬ್ಬ ವೈದ್ಯರು ನನ್ನ ಎದುರಿಗೇ ಅವಳಿಗೆ ಹೇಳಿದರು. ಮಕ್ಕಳಿಗೆ ಕಿವಿಯಿರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಕೊನೆಗೆ ಒಬ್ಬ ದಾದಿ, ಕಾಲೇಜಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೊಬ್ಬ ಮೇಡಂ ಇದ್ದಾರೆ, ಅವರು ಬೇರೆ ರೀತಿ ನೋಡುತ್ತಾರೆ, ಹೋಗಿ ಎಂದಳು.

ಮೇಡಂ ನನ್ನನ್ನು ನೋಡಿದರು, ಅಮ್ಮನ ಸುಲಿದ ಕೈಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ನಾನು, ಅಮ್ಮ, ಜೊತೆಗೆ ಬಂದಿದ್ದ ಅಕ್ಕ, ಮೂವರ ತೋಳಿನಿಂದಲೂ ರಕ್ತ ತೆಗೆದರು, ತಮ್ಮದನ್ನೂ ತೆಗೆದುಕೊಂಡರು. ಯಾರ ರಕ್ತ ನೋಡುವುದಿದ್ದರೂ ಮೊದಲು ನೋಡುವವರದ್ದು ನೋಡಬೇಕು ಎಂಬುದು ಅವರ ಕಟ್ಟಳೆ. ಪೆಟ್ಟಿಗೆ ಸುಮ್ಮನಿದ್ದರೆ ದೋಷ ರೋಗಿಯದೋ ಯಂತ್ರದ್ದೋ ತಿಳಿಯಬೇಕಲ್ಲ.

ದೀಪ ಆರಿತು. ಗಾಜು ಮರೆಯುವವರೆಗೆ ಅಮ್ಮನ ಉಸಿರು ಒಂದು ಕಡೆ, ಅಕ್ಕನ ಬಳೆಯ ಸದ್ದು ಇನ್ನೊಂದು ಕಡೆ. ಮೇಡಂ ತಮ್ಮ ರಕ್ತಕ್ಕೆ ಸತ್ತ ಯೀಸ್ಟಿನ ಪುಡಿಯನ್ನು ಬೆರೆಸಿದರು. ಬಿಳಿಯ ಕಣಗಳು ಅದನ್ನೇ ರೋಗಾಣುವೆಂದು ತಿಳಿದು ಮೇಲೆ ಬೀಳುತ್ತವೆ. ಮೊದಲು ಬಿಡಿಬಿಡಿಯಾಗಿ, ಆಮೇಲೆ ಹೆಂಚಿನ ಮೇಲೆ ಮಳೆ ಬಲಿತ ಹಾಗೆ ಟಿಕ್ಕುಗಳು ಕೂಡಿಕೊಂಡವು. ಅನಂತರ ನನ್ನದು. ಪೆಟ್ಟಿಗೆ ಒಮ್ಮೆ ಟಿಕ್ ಎಂದಿತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ. ಅದು ಯಂತ್ರದ ಕನವರಿಕೆ, ನನ್ನದಲ್ಲ. ನಾನು ಬದುಕಿದ್ದೇನೆಯೇ ಎಂಬ ಪ್ರಶ್ನೆಗೆ ಉತ್ತರ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ನನಗಾಗ ಅನ್ನಿಸಿತು, ಇಂದಿಗೂ ನೆನೆದರೆ ಬೆನ್ನು ತಣ್ಣಗಾಗುತ್ತದೆ. ನನ್ನ ಕಣಗಳು ರೋಗಾಣುವನ್ನು ನುಂಗುತ್ತಿದ್ದವು, ಸುಡಲು ಅವುಗಳಲ್ಲಿ ಬೆಂಕಿ ಇರಲಿಲ್ಲ. ನುಂಗಿದ್ದು ಒಳಗೇ ಬದುಕಿಕೊಂಡು ನನ್ನನ್ನು ತಿನ್ನುತ್ತಿತ್ತು.

ಮೂರನೆಯದಾಗಿ ಅಕ್ಕನ ರಕ್ತ. ಅದು ಮೇಡಂ ಅವರದಕ್ಕಿಂತಲೂ ಜೋರಾಗಿ ಸುರಿಯಿತು.

“ಅದು ನಾನಾ?” ಅಂದಳು ಅಕ್ಕ, ಪಿಸುದನಿಯಲ್ಲಿ.

“ಹೌದು ಕಣಮ್ಮ, ಅದು ನೀನೇ.”

ಅಮ್ಮನದು ಅರ್ಧಕ್ಕೆ ನಿಂತಿತು. ಅವಳ ಕಣಗಳಲ್ಲಿ ಅರ್ಧ ಉರಿಯುತ್ತಿದ್ದವು, ಅರ್ಧ ನನ್ನವುಗಳ ಹಾಗೆಯೇ ಕತ್ತಲು. ಇಂಥ ಕಾಯಿಲೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ. ಓದು ಬಾರದಿದ್ದರೂ ಅಮ್ಮನಿಗೆ ಕಿವಿ ಚುರುಕು. ಹೊಲಿಗೆ ಯಂತ್ರದ ಸದ್ದಿನಲ್ಲೇ ದಾರ ಸಡಿಲಾದದ್ದನ್ನು ಕಂಡುಹಿಡಿಯುವವಳು.

“ನನ್ನಿಂದ ಬಂತಾ ಮೇಡಂ?”

“ನಿಮ್ಮಿಂದ ಬಂದಿದ್ದು ಹುಡುಗ. ಕಾಯಿಲೆ ಅವನ ಜೊತೆ ಟಿಕೆಟ್ಟಿಲ್ಲದೆ ಹತ್ತಿಕೊಂಡಿದ್ದು” ಎಂದರು ಮೇಡಂ. “ಇಳಿಸೋ ದಾರಿ ಹುಡುಕೋಣ. ಆ ಕೈನ ಇನ್ನು ಉಜ್ಜಬೇಡಿ.”

ಆ ಕತ್ತಲಲ್ಲಿ ಅಮ್ಮ ಅತ್ತಳು. ಅಷ್ಟು ವರ್ಷ ಬೈಗುಳ ತಿಂದವಳು ಮೊದಲ ಬಾರಿಗೆ ಯಾರೂ ನೋಡದ ಹಾಗೆ ಅಳಲು ಜಾಗ ಸಿಕ್ಕಿದ್ದಕ್ಕೆ ಅತ್ತಳೆಂದು ಈಗ ಅನ್ನಿಸುತ್ತದೆ. ಮೇಡಂ ದೀಪ ಹಾಕುವ ಮುನ್ನ ಬೇಕೆಂದೇ ತಡ ಮಾಡಿದರು.

ದಾರಿ ಅಂದರೆ ಅಕ್ಕನ ಅಸ್ಥಿಮಜ್ಜೆ. ಅವಳದು ನನಗೆ ಹೊಂದಿಕೆಯಾಯಿತು. ನನ್ನ ಮೂಳೆಗಳೊಳಗಿನ ಮಜ್ಜೆಯನ್ನು ಔಷಧಿಯಿಂದ ಬರಿದು ಮಾಡಿ ಅವಳದನ್ನು ತುಂಬಿದರು. ಗಾಜಿನ ಗೋಡೆಯ ಕೋಣೆಯಲ್ಲಿ ನಾನೊಬ್ಬನೇ ಮಲಗಿದ್ದ ಆ ವಾರಗಳಲ್ಲಿ ಒಳಗೆ ಬರಲು ಅಮ್ಮನಿಗೂ ಅಪ್ಪಣೆಯಿರಲಿಲ್ಲ. ಪ್ರತಿದಿನ ಸಂಜೆ ಮೇಡಂ ಗಾಜಿನಾಚೆ ನಿಂತು ಒಂದು ಟಾರ್ಚನ್ನು ಹಚ್ಚಿ ಆರಿಸುತ್ತಿದ್ದರು. ನಾನು ನನ್ನ ತಲೆದಿಂಬಿನ ಕೆಳಗಿನ ಟಾರ್ಚಿನಿಂದ ಮಾರುತ್ತರ ಕೊಡಬೇಕು. ಜ್ವರ ಏರಿ ಟಾರ್ಚು ಎತ್ತಲಾಗದ ದಿನ ಅವರು ಹೋಗದೆ ಅಲ್ಲೇ ನಿಂತಿದ್ದರೆಂದು ದಾದಿಯರು ಆಮೇಲೆ ಹೇಳಿದರು. ಆ ದಿನ ಅವರಿಗೆ ಬಡ್ತಿಯ ಸಂದರ್ಶನವಿತ್ತಂತೆ, ಹೋಗಲಿಲ್ಲವಂತೆ. ಅವರನ್ನು ಕೇಳಿದರೆ “ಮರೆತುಹೋಗಿತ್ತು ಕಣಪ್ಪ” ಎನ್ನುತ್ತಾರೆ. ಯಾವುದನ್ನೂ ಮರೆಯದವರ ಬಾಯಲ್ಲಿ ಈ ಮಾತು.

ಚೇತರಿಸಿಕೊಂಡ ಮೇಲೆ ಮತ್ತೆ ಮೆಟ್ಟಿಲ ಕೆಳಗಿನ ಕೋಣೆ, ಮತ್ತೆ ಕತ್ತಲು. ಈ ಸಲ ನನ್ನ ರಕ್ತ ಇಟ್ಟ ಸ್ವಲ್ಪ ಹೊತ್ತಿಗೆ ಟಿಕ್ಕುಗಳು ಶುರುವಾದವು, ಬಲಿತವು, ಕೋಣೆ ತುಂಬಿದವು. ಖುಷಿಯಲ್ಲಿ ನಾನು ಅಕ್ಕನ ಪ್ರಶ್ನೆಯನ್ನೇ ಕೇಳಿದೆ.

“ಅದು ನಾನಾ?”

ಕತ್ತಲಲ್ಲಿ ಮೇಡಂ ಎಂದೂ ಸುಳ್ಳು ಹೇಳಿದವರಲ್ಲ.

“ಅದು ನಿಮ್ಮಕ್ಕ” ಎಂದರು.

ಪಕ್ಕದಲ್ಲೇ ಇದ್ದ ಅಕ್ಕ ಕಿಸಕ್ಕನೆ ನಕ್ಕಳು. ಅಂದಿನಿಂದ ಅವಳಿಗೆ ನನ್ನನ್ನು ಕೆಣಕಲು ಒಂದು ಅಸ್ತ್ರ ಸಿಕ್ಕಿತು. ನಾನು ಮುಖ ಊದಿಸಿದರೆ “ನನ್ನ ರಕ್ತ ಇಟ್ಕೊಂಡು ಹೀಗೆ ಗಂಟುಮೋರೆ ಹಾಕ್ಕೋತೀಯಲ್ಲೋ, ನನ್ನ ಮರ್ಯಾದೆ ಏನಾಗ್ಬೇಕು” ಎನ್ನುವಳು. ರಸ್ತೆ ದಾಟುವಾಗ “ನೋಡ್ಕೊಂಡು ನಡಿ, ಒಳಗೆ ನಾನಿದೀನಿ” ಎನ್ನುವಳು. ತಮಾಷೆಯ ಮಾತಾದರೂ ಅಕ್ಷರಶಃ ನಿಜ. ನನ್ನನ್ನು ಕಾಣದ ಯಾರಾದರೂ ನನ್ನ ರಕ್ತವನ್ನಷ್ಟೇ ಪರೀಕ್ಷೆ ಮಾಡಿದರೆ, ಇದು ಒಬ್ಬ ಹೆಂಗಸಿನದು ಎಂದೇ ಬರೆದುಕೊಡುತ್ತಾರೆ.

ಕಸಿ ಮಾಡಿದ ಮಜ್ಜೆ ನಿಂತೀತೆಂಬ ಭರವಸೆ ಪೂರ್ತಿಯಾಗಿ ಯಾರಿಗೂ ಇರುವುದಿಲ್ಲ. ಕೆಲವರಲ್ಲಿ ಅದು ವರ್ಷಗಳ ಮೇಲೆ ಸದ್ದಿಲ್ಲದೆ ಸೋತು, ಹಳೆಯ ಕತ್ತಲು ಮರಳುವುದುಂಟು. ಆದ್ದರಿಂದ ವರ್ಷಕ್ಕೊಮ್ಮೆ, ಕಸಿಯಾದ ತಾರೀಖಿಗೇ, ನನ್ನ ರಕ್ತದ ಬೆಳಕನ್ನು ಕೇಳುವುದು ರೂಢಿಯಾಯಿತು. ನಾನು ಕಾಲೇಜು ಸೇರಿದೆ, ಹಠ ಹಿಡಿದು ಅದೇ ವಿಷಯ ಓದಿದೆ, ಮೇಡಂ ಅವರ ಕೈಕೆಳಗೇ ಸಂಶೋಧನೆಗೆ ನಿಂತೆ. ಗುರುವಾಗಿ ಅವರು ರೋಗಿಗೆ ತೋರಿಸಿದ ಮೃದುತ್ವದಲ್ಲಿ ಕಾಲು ಪಾಲನ್ನೂ ನನಗೆ ತೋರಿಸಲಿಲ್ಲ ಎಂಬುದನ್ನು ಈ ಅಭಿನಂದನೆಯ ಸಂದರ್ಭದಲ್ಲಿ ಗೌರವಪೂರ್ವಕವಾಗಿ ದಾಖಲಿಸುತ್ತೇನೆ. ನನ್ನ ಮೊದಲ ಪ್ರಬಂಧದ ಕರಡನ್ನು ಓದಿ “ಇದರಲ್ಲಿ ಹೊಸದೂ ಇದೆ, ನಿಜವೂ ಇದೆ. ನಿಜವಾದದ್ದು ಹೊಸದಲ್ಲ, ಹೊಸದು ನಿಜವಲ್ಲ” ಎಂದು ವಾಪಸು ಕೊಟ್ಟರು. ಆರನೆಯ ಕರಡಿಗೆ ತಲೆಯಾಡಿಸಿದರು.

ಆ ವೇಳೆಗೆ ಅಕ್ಕ ಆಸ್ಪತ್ರೆಯ ದೂರವಾಣಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟ ಬಸ್ಸು ಸೇತುವೆಯ ಕಟ್ಟೆಗೆ ಬಡಿದು ಮಗುಚಿತು. ಅದರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಹತ್ತಾರು ಮಂದಿಗೆ ಪೆಟ್ಟಾಯಿತು, ಹೋದವಳು ಅವಳೊಬ್ಬಳೇ. ಅಮ್ಮನಿಗೆ ಅಳು ಬರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಬಟ್ಟೆಯಿಲ್ಲದೆ ಕುಳಿತು ಬರಿಯ ಯಂತ್ರವನ್ನು ತುಳಿಯುತ್ತಿದ್ದಳು.

ಆ ವರ್ಷದ ತಾರೀಖು ಬಂದಾಗ ನನಗೆ ಕೋಣೆಗೆ ಹೋಗಲು ಮನಸ್ಸಿರಲಿಲ್ಲ. ಮೇಡಂ ತಾವೇ ಮನೆಗೆ ಬಂದು ಅಮ್ಮನ ಮುಂದೆ ಕುಳಿತು ಕೇಳಿದರು, “ಬರ್ತೀರಾ? ಅವಳು ಇದಾಳೆ. ಇರೋ ಅಷ್ಟು ಇದಾಳೆ.” ಇಂಥ ಮಾತು ಆಡಬಹುದೇ ಎಂದು ವಿಜ್ಞಾನಿಗಳು ವಾದ ಮಾಡಬಹುದು. ಅಮ್ಮ ಮಾತ್ರ ಎದ್ದು ಸೀರೆ ಬದಲಾಯಿಸಿದಳು.

ದೀಪ ಆರಿತು, ಗಾಜು ಮರೆಯಿತು, ಮೇಡಂ ಅವರ ರಕ್ತದ ಸರದಿ ಮುಗಿದು ನನ್ನದು ಬಂತು. ಟಿಕ್. ಟಿಕ್. ಆಮೇಲೆ ಮಳೆ. ಅಮ್ಮ ನನ್ನ ತೋಳನ್ನು ಹಿಡಿದುಕೊಂಡಿದ್ದಳು. ಹಿಡಿದದ್ದು ನನ್ನ ತೋಳನ್ನೋ ಒಳಗಿರುವವಳದನ್ನೋ ಎಂಬಂತಿತ್ತು. ಪರೀಕ್ಷೆಗೆ ಬೇಕಾದಷ್ಟು ಎಣಿಕೆ ಬೇಗ ಮುಗಿದರೂ ಮೇಡಂ ಯಂತ್ರ ನಿಲ್ಲಿಸಲಿಲ್ಲ. ಕಣಗಳು ದಣಿಯುತ್ತ ಹೋದಂತೆ ಸದ್ದು ತೆಳುವಾಯಿತು, ಬಿಡಿಬಿಡಿಯಾಯಿತು. ಅಮ್ಮ ಮೆಲ್ಲಗೆ “ಹೋಗಿ ಬಾ” ಎಂದಳು.

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅಮ್ಮ ಬಂದಳು. ಎರಡನೆಯ ವರ್ಷದಿಂದ ಮಾತಾಡತೊಡಗಿದಳು. ಪಕ್ಕದ ಮನೆಯ ಹುಡುಗಿಗೆ ಮದುವೆಯಾದದ್ದು, ಹೊಸ ಹೊಲಿಗೆ ಯಂತ್ರ ಕೊಂಡದ್ದು, ನನಗೆ ಕೆಲಸವಾದದ್ದು, ನನ್ನ ಹೆಂಡತಿ ಬಸುರಿಯಾದದ್ದು, ಎಲ್ಲವನ್ನೂ ಆ ಟಿಕ್ಕುಗಳ ನಡುವೆ ಒಪ್ಪಿಸುತ್ತಿದ್ದಳು. ಒಂದು ಸಲ “ನಿನ್ನ ಬಳೆ ನಾನು ಹಾಕ್ಕೊಂಡಿದೀನಿ, ಬೇಜಾರಿಲ್ಲ ತಾನೆ?” ಎಂದು ಕೇಳಿದ ಗಳಿಗೆಗೆ ಸರಿಯಾಗಿ ಪೆಟ್ಟಿಗೆಯ ಸದ್ದು ಒಮ್ಮೆಗೇ ಎರಡರಷ್ಟಾಯಿತು, ಹಾಗೆಯೇ ಇಳಿಯಿತು. ನನ್ನ ಮೈ ಕೂದಲು ನಿಮಿರಿತು. ಅಮ್ಮನನ್ನು ಮನೆಗೆ ಬಿಟ್ಟು ಬಂದು, ಕಾರಣವೇನಿರಬಹುದೆಂದು ಮೇಡಂ ಅವರನ್ನು ವಿಚಾರಿಸಿದೆ. ಕಣಗಳ ಗುಂಪೊಂದು ಒಟ್ಟಿಗೆ ಹೊತ್ತಿಕೊಂಡಿರಬಹುದು, ವಿದ್ಯುತ್ತು ಏರುಪೇರಾಗಿರಬಹುದು ಎಂದು ನಾನೇ ಸಾಧ್ಯತೆಗಳನ್ನೂ ಒದಗಿಸಿದೆ.

“ಆಗಿರಬಹುದು” ಎಂದರು. “ಕೇಳಿಸಿದ್ದನ್ನ ಕೇಳಿಸ್ತು ಅಂತೀನಿ. ಯಾಕೆ ಅಂತ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತೀನಿ. ನಮ್ಮ ಕಸುಬು ಅಷ್ಟೇ ಕಣಪ್ಪ.”

ಈಗ ಕೊನೆಯ ತಾರೀಖಿನ ವಿಷಯ, ಅಂದರೆ ಹೋದ ತಿಂಗಳಿನದು. ಇದನ್ನು ಬರೆಯಲೆಂದೇ ಇಷ್ಟು ದೂರ ಬಂದೆ.

ಹಳೆಯ ಕಟ್ಟಡವನ್ನು ಖಾಲಿ ಮಾಡುತ್ತಿದ್ದಾರೆ. ಹಜಾರದ ಬೆಂಚುಗಳು ಹೋಗಿದ್ದವು, ಫ್ರಿಜ್ಜು ಹೋಗಿತ್ತು, ಮೆಟ್ಟಿಲ ಕೆಳಗಿನ ಕೋಣೆ ಮಾತ್ರ ಮೇಡಂ ಇರುವವರೆಗೆ ಇರಲೆಂದು ಬಿಟ್ಟಿದ್ದರು. ಅಮ್ಮನಿಗೆ ಈಗ ವಯಸ್ಸಾಗಿದೆ, ಏದುಸಿರು. ಮೊಮ್ಮಗಳ ಭುಜ ಹಿಡಿದು ಬಾಗಿಲವರೆಗೆ ಬಂದು, ಅವಳನ್ನು ಹೊರಗೇ ನಿಲ್ಲಿಸಿ, ಆಮೇಲೆ ನನ್ನ ತೋಳು ಹಿಡಿದು ಒಳಗೆ ಬಂದಳು. ಅವಳು ಸುಧಾರಿಸಿಕೊಳ್ಳಲು ಪಡುತ್ತಿದ್ದ ಪಾಡನ್ನು ಕಂಡು ಮೇಡಂ ತಮ್ಮ ಸೇವಾವಧಿಯಲ್ಲಿ ಮೊದಲ ಬಾರಿಗೆ ತಮ್ಮ ಕಟ್ಟಳೆ ಮುರಿದರು. “ಅಮ್ಮ ಕಾಯೋದು ಬೇಡ. ಮೊದಲು ಇವಳದ್ದೇ ಇಡ್ತೀನಿ” ಎಂದರು. ಇವನದ್ದು ಎನ್ನಲಿಲ್ಲ.

ಟಿಕ್.

ನಾವು ಕಾದೆವು. ಇನ್ನೊಂದು ಟಿಕ್ ಬಂದದ್ದು ಬಹಳ ಹೊತ್ತಿನ ಮೇಲೆ. ಆ ಬಿಡುವನ್ನು ನಾನು ಬಲ್ಲೆ. ಬಾಲ್ಯದಲ್ಲಿ ಕೇಳಿದ್ದು ಅದನ್ನೇ. ಕಸಿ ಸೋತಿದೆ ಎಂದರೆ ಮತ್ತೆ ಕೀವು, ಮತ್ತೆ ಗಾಜಿನ ಕೋಣೆ, ಈ ಸಲ ಕೊಡಲು ಅಕ್ಕನಿಲ್ಲ. ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಮೊದಲು ಹೊಳೆದದ್ದು, ಅವಳು ಎರಡನೆಯ ಸಲ ಹೋದಳು, ಹೋದದ್ದು ನಮಗೆ ಗೊತ್ತೇ ಆಗಲಿಲ್ಲ ಎಂಬುದು.

“ಯಾಕೋ ಸುಮ್ಮನಿದಾಳಲ್ಲ” ಅಂದಳು ಅಮ್ಮ.

ಕತ್ತಲಲ್ಲಿ ನನ್ನ ಕೈಯನ್ನು ಮುಖದ ಮುಂದೆ ಹಿಡಿದೆ. ಕಂಡಿತು, ಅದು ಸುಳ್ಳೆಂದೂ ಗೊತ್ತಿತ್ತು.

“ಮಾತಾಡೇ” ಅಂದಳು ಅಮ್ಮ ಪೆಟ್ಟಿಗೆಗೆ. “ಇಷ್ಟು ದೂರ ಬಂದಿದೀನಿ.”

ಮೇಡಂ ಅವರ ಕುರ್ಚಿ ಸರಿದ ಸದ್ದಾಯಿತು. ಮುಚ್ಚಳ ತೆಗೆದು ಮುಚ್ಚಿದ ಸದ್ದು. ಅವರು ತಮ್ಮ ರಕ್ತವನ್ನು ಇಟ್ಟಿದ್ದರು. ನಾವು ಮತ್ತೆ ಕಾದೆವು, ಪೆಟ್ಟಿಗೆ ಮತ್ತೆ ಸುಮ್ಮನಿತ್ತು. ಇಡೀ ಕೋಣೆಯಲ್ಲಿ ಜೀವವಿದೆ ಎನ್ನಲು ಅಮ್ಮನ ಏದುಸಿರೊಂದೇ ಸಾಕ್ಷಿ.

ಆಮೇಲೆ ಕತ್ತಲಿನೊಳಗಿಂದ ಒಂದು ನಗು ಬಂತು. ಹೆದರಿಕೆಯಲ್ಲಿ ಅದು ಯಾರದೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

“ಹಾಗಾದ್ರೆ ನಾನೂ ಹೋಗಿದೀನಿ” ಎಂದರು ಮೇಡಂ. “ನಾನು ಹೋಗಿಲ್ಲ ಅನ್ನೋದು ನನಗೆ ಗೊತ್ತು. ಆದ್ದರಿಂದ ಅವಳೂ ಹೋಗಿಲ್ಲ. ದೀಪ ಹಾಕು.”

ತಪ್ಪು ಇದ್ದದ್ದು ರಕ್ತವನ್ನು ತೆಳು ಮಾಡುವ ಉಪ್ಪುನೀರಿನ ಬಾಟಲಿಯಲ್ಲಿ. ನಮ್ಮ ಪ್ರಯೋಗಾಲಯದಲ್ಲಿ ಬಹುಕಾಲದಿಂದ ಅದನ್ನು ಬೆರೆಸುವ ಸಹಾಯಕರನ್ನು ನಾವೆಲ್ಲ ದ್ರಾವಣದಣ್ಣ ಎನ್ನುತ್ತೇವೆ. ಕರೆದು ವಿಚಾರಿಸಿದಾಗ ಅವರು ಮುಚ್ಚಿಡಲಿಲ್ಲ.

“ಫ್ರಿಜ್ಜು ತಗೊಂಡೋದ್ರಲ್ಲ ಮೇಡಂ. ನಿಮ್ಮ ಕೊನೇ ಕೆಲಸ ಮುಗಿಯೋವರೆಗೂ ಕೆಡದೆ ಇರ್ಲಿ ಅಂತ ಬೂಸು ತಡೆಯೋ ಪುಡಿ ಚಿಟಿಕೆ ಹಾಕಿದ್ದೆ.”

ಬೇರೆ ಪ್ರಯೋಗಗಳಿಗೆ ಎಲ್ಲರೂ ಹಾಕುವ ಪುಡಿಯೇ ಅದು. ಆದರೆ ಬಿಳಿಯ ಕಣದೊಳಗೆ ಬೆಂಕಿಯನ್ನು ಬೆಳಕಾಗಿಸುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಕಣ ಬದುಕಿದ್ದರೂ ಬೆಳಕು ಬರುವುದಿಲ್ಲ. ಕೆಡದಿರಲಿ ಎಂದು ಹಾಕಿದ್ದು ಎಲ್ಲವನ್ನೂ ಮೌನವಾಗಿಸಿತ್ತು. ತುಕ್ಕು ತಡೆಯುವ ಮಾತ್ರೆಗಳ ವಿರುದ್ಧ ಮೇಡಂ ಜೀವಮಾನವಿಡೀ ಹೇಳಿದ್ದೂ ಇದನ್ನೇ. ಅಣ್ಣನನ್ನು ಮೇಡಂ ಬೈಯಲಿಲ್ಲ. “ನಾನು ಮೊದಲು ನನ್ನದು ಇಟ್ಟಿದ್ರೆ ಈ ಅಮ್ಮ ಹೆದರ್ತಿರಲಿಲ್ಲ. ತಪ್ಪು ನಂದು” ಎಂದು, ಅವರ ಕೈಯಿಂದಲೇ ಹೊಸ ಉಪ್ಪುನೀರು ಮಾಡಿಸಿಕೊಂಡರು. ಅಣ್ಣ ಒಂದೊಂದು ಅಳತೆಯನ್ನೂ ಎರಡೆರಡು ಸಲ ನೋಡಿ ಬೆರೆಸಿದರು.

ಮತ್ತೆ ರಕ್ತ, ಮತ್ತೆ ಕತ್ತಲು. ಈ ಸಲ ಅಣ್ಣನೂ ಒಳಗೆ ನಿಂತರು. ಮೊದಲು ಮೇಡಂ ಅವರದು, ನಿಯಮದಂತೆ, ಅದು ಸುರಿಯಿತು. ಅನಂತರ ನನ್ನದು. ಟಿಕ್. ಟಿಕ್. ಟಿಕ್ ಟಿಕ್. ಬಂತು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಆ ಕೋಣೆ ಅದಕ್ಕೇ ಇರುವುದೆಂದು ನನಗೆ ಚಿಕ್ಕಂದಿನಿಂದ ಗೊತ್ತು.

ಸದ್ದು ಏರಿತು, ಒಂದು ಮಟ್ಟಕ್ಕೆ ನಿಂತಿತು. ಮೇಡಂ ಕತ್ತಲಲ್ಲಿ ಸುಳ್ಳು ಹೇಳುವವರಲ್ಲ ಎಂದೆನಲ್ಲ, ಅಂದೂ ಹೇಳಲಿಲ್ಲ.

“ಹೋದ ವರ್ಷಕ್ಕಿಂತ ಸ್ವಲ್ಪ ತಗ್ಗಿದೆ. ಹೆದರೋ ಅಷ್ಟಲ್ಲ. ಆದ್ರೆ ತಗ್ಗಿದೆ.”

ನಾನು ಏನಾದರೂ ಕೇಳುವ ಮುನ್ನ ಅಮ್ಮ ಹೇಳಿದಳು, ತುಂಬ ಸಹಜವಾಗಿ, ಕಣ್ಣಿಗೆ ಕಂಡದ್ದನ್ನು ಹೇಳುವ ಹಾಗೆ:

“ಅವಳಿಗೂ ವಯಸ್ಸಾಯ್ತಲ್ಲ.”

ಅದಾದ ಮೇಲೆ ಟಿಕ್ಕುಗಳು ತೆಳುವಾಗುವವರೆಗೆ ನಾವು ನಾಲ್ವರೂ ಕಿವಿಗೊಟ್ಟಿದ್ದೆವು. ಅಕ್ಕ ನಲವತ್ತು ದಾಟಿದ ಹೆಂಗಸಾಗಿ, ಕನ್ನಡಕ ಹಾಕಿಕೊಂಡು, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುವವಳಾಗಿ ಮೊದಲ ಬಾರಿಗೆ ನನಗೆ ತೋರಿದಳು. ಅಷ್ಟು ವರ್ಷ ನಾನೊಬ್ಬನೇ ಬೆಳೆದೆ ಎಂದುಕೊಂಡಿದ್ದೆ.

ಹೊಸ ಕಟ್ಟಡದಲ್ಲಿ ಈ ಪರೀಕ್ಷೆಗೆ ಹೊಸ ಯಂತ್ರ ಬಂದಿದೆ. ಅದು ಕಣಗಳನ್ನು ಸಾಲಾಗಿ ಹರಿಸಿ, ಉರಿಯುವವೆಷ್ಟು ಉರಿಯದವೆಷ್ಟು ಎಂದು ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತದೆ. ಒಳ್ಳೆಯ ಯಂತ್ರ, ಮೇಡಂ ಅವರೇ ಹಠ ಮಾಡಿ ತರಿಸಿದ್ದು. ನನ್ನಂಥ ಮಕ್ಕಳ ಕಾಯಿಲೆ ಇನ್ನು ಬೇಗ ಪತ್ತೆಯಾಗುತ್ತದೆ, ಅವರ ತಾಯಂದಿರು ಕೈ ಸುಲಿಯುವವರೆಗೆ ತೊಳೆಯಬೇಕಾಗುವುದಿಲ್ಲ. ಅದಕ್ಕೆ ಸದ್ದಿಲ್ಲ ಎಂಬುದನ್ನು ದೂರಾಗಿ ಹೇಳಲು ನನಗೆ ಹಕ್ಕಿಲ್ಲ. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಮೇಡಂ ಅಪ್ಪಣೆ ಕೇಳಿ ತಮ್ಮ ಮನೆಗೆ ಒಯ್ದಿದ್ದಾರೆ. ಸಾಮಾನು ಕೋಣೆಯ ಕಿಟಕಿಯನ್ನು ಹಲಗೆ ಹೊಡೆಸಿ ಮುಚ್ಚಿಸಿದ್ದಾರೆಂದೂ, ಕಪ್ಪು ಬಣ್ಣದ ಡಬ್ಬಿ ಕೊಂಡಿದ್ದಾರೆಂದೂ ದ್ರಾವಣದಣ್ಣ ವರದಿ ಮಾಡಿದ್ದಾರೆ. ಕಸಿಯಾದ ಮಜ್ಜೆಯ ಬೆಳಕು ವರ್ಷಗಳ ಮೇಲೆ ಏಕೆ ತಗ್ಗುತ್ತದೆ, ತಗ್ಗದ ಹಾಗೆ ಹೇಗೆ ನೋಡಿಕೊಳ್ಳುವುದು ಎಂಬುದು ಅವರ ಮುಂದಿನ ಕೆಲಸವಂತೆ. ನಿವೃತ್ತಿಯ ಅರ್ಥವನ್ನು ಅವರಿಗೆ ಯಾರಾದರೂ ತಿಳಿಸಬೇಕು. ಆ ಯಾರಾದರೂ ನಾನಂತೂ ಅಲ್ಲ.

ಪೂಜ್ಯ ಗುರುಗಳಾದ ಕತ್ತಲೆ ಮೇಡಂ ಅವರಿಗೆ ತುಂಬು ಆಯುಸ್ಸು ಇರಲಿ, ಮಾಡಬೇಕೆಂದಿರುವ ಕೆಲಸಕ್ಕೆ ಸಾಲುವಷ್ಟು ಆರೋಗ್ಯ ಇರಲಿ, ಅವರ ರಕ್ತದ ಟಿಕ್ಕುಗಳು ಇನ್ನೂ ಬಹುಕಾಲ ಎಲ್ಲರದಕ್ಕಿಂತ ಮೊದಲು ಸುರಿಯಲಿ ಎಂದು ನಮ್ಮ ಮನೆಯವರೆಲ್ಲರ ಪರವಾಗಿ ಹಾರೈಸುತ್ತೇನೆ. ಬರುವ ವರ್ಷ ಅದೇ ತಾರೀಖಿಗೆ ಅಮ್ಮ ಮತ್ತು ನಾನು ನಿಮ್ಮ ಮನೆಯ ಬಾಗಿಲು ತಟ್ಟುತ್ತೇವೆ ಮೇಡಂ. ದೀಪ ಆರಿಸಿ, ಗಾಜು ಮರೆಯುವವರೆಗೆ ಕಾಯೋಣ. ಕತ್ತಲಲ್ಲಿ ತಲೆ ಎಣಿಸಬಾರದೆಂದು ಹಿರಿಯ ವಿದ್ಯಾರ್ಥಿಗಳು ನಮ್ಮನ್ನು ಹೆದರಿಸುತ್ತಿದ್ದರು, ನೀವು ಎಣಿಸಿ. ಒಂದು ಹೆಚ್ಚಾಗಿ ಬಂದರೆ, ಲೆಕ್ಕ ತಪ್ಪಿಲ್ಲ.